ಇಪ್ಪತ್ತನಾಲ್ಕನೆಯ ಪೀಸು

ಅವಳು ಗ್ಯಾರೇಜಿನ ಬಾಗಿಲು ನೂಕಿ ಒಳಗೆ ಬರುವ ಹೊತ್ತಿಗೆ ಸೋದರಮಾವ ಮಾಡಿಗೆ ಹೊದಿಸುವ ಹಾಳೆಯ ಇಪ್ಪತ್ತೆರಡು ಪೀಸು ಒರೆಸಿ ಮುಗಿಸಿ, ಕೊನೆಯದನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆ ಹಿಂಡುತ್ತಿದ್ದ. ಬಕೆಟ್ಟಿನ ನೀರು ಬೆಳ್ಳಗೆ ಕದಡಿಹೋಗಿತ್ತು.

"ಏನ್ ಮಾಡ್ತಿದೀಯ ಮಾವ?"

"ಕಾಣ್ತಿಲ್ವಾ? ಆರು ಗಂಟೆಗೇ ಬಂದವನು, ಇನ್ನೂ ಒಂದು ಲೋಟ ಕಾಫಿ ಬಾಯಿಗೆ ಬಿದ್ದಿಲ್ಲ. ಮನೇಲಿ ಕಾಲಿಡೋಕೆ ಜಾಗ ಇಲ್ಲ. ಮಣ್ಣು ಮುಗಿಸಿ ಬಂದೋರೆಲ್ಲ ಇಲ್ಲೇ ತಾನೇ ಕೂತ್ಕೊಳ್ಳೋದು? ನೋಡಿದ್ರೆ ಎಲ್ಲಾ ಕಡೆ ಧೂಳು. ಇವುಗಳ ಮೇಲಂತೂ ಯಾರೋ ಸೀಮೆಸುಣ್ಣದಲ್ಲಿ ಗೀಚಿಬಿಟ್ಟಿದ್ರು. ಒಳ್ಳೇ ಬಟ್ಟೆ ಹಾಕ್ಕೊಂಡು ಬಂದೋರಿಗೆ ತಾಗಿದ್ರೆ?"

"ಯಾರೋ ಅಲ್ಲ, ಅಮ್ಮ. ಅದು ನಂಬರು."

"ಯಾವ ನಂಬರು?"

ಅವಳು ಅವನ ತೊಡೆಯ ಮೇಲಿದ್ದುದನ್ನು ಕಿತ್ತುಕೊಂಡಳು. ಅದರ ಮೇಲೆ ದರ್ಜಿಗಳ ಚಪ್ಪಟೆ ಸೀಮೆಸುಣ್ಣದಲ್ಲಿ, ಅಮ್ಮನ ಗುಂಡು ಬರಹದಲ್ಲಿ, ಹದಿನಾರು ಎಂದಿತ್ತು. ಉಳಿದ ಇಪ್ಪತ್ತೆರಡೂ ಗೋಡೆಗೆ ಒರಗಿದ್ದವು. ದೊಡ್ಡವು ಹಿಂದೆ, ಚಿಕ್ಕವು ಮುಂದೆ, ಶಾಲೆಯ ಫೋಟೋಕ್ಕೆ ನಿಲ್ಲಿಸಿದ ಮಕ್ಕಳ ಹಾಗೆ, ಎಲ್ಲದಕ್ಕೂ ತೊಳೆದ ಮುಖ.

"ನಾನೇ ಜೋಡಿಸಿದ್ದು," ಎಂದ ಮಾವ. "ಮೊದಲು ಹೇಗ್ಹೇಗೋ ಮೂರು ಗುಡ್ಡೆ ಮಾಡಿಟ್ಟಿತ್ತು."

ಮೂರು ವಾರದ ಹಿಂದಿನ ಬಿರುಗಾಳಿಗೆ ಬೀದಿಬದಿಯ ಮರದ ಕೊಂಬೆಯೊಂದು ಮುರಿದು ಈ ಗ್ಯಾರೇಜಿನ ಮಾಡಿನ ಮೇಲೆ ಬಿದ್ದಿತ್ತು. ಹೆಸರಿಗೆ ಗ್ಯಾರೇಜು; ಒಂದು ದಿನವೂ ಅಲ್ಲಿ ಕಾರು ನಿಂತದ್ದಿಲ್ಲ. ಮೂವತ್ತೈದು ವರ್ಷದಿಂದ ಅದು ಅಮ್ಮನ ಹೊಲಿಗೆ ಅಂಗಡಿ. ಮಾಡಿಗೆ ಹೊದಿಸಿದ್ದು ಶಿಂಗಲ್, ಎಂದರೆ ಡಾಂಬರು ಸವರಿ ಮೇಲೆ ಕಲ್ಲುಪುಡಿ ಅಂಟಿಸಿದ ದಪ್ಪ ಹಾಳೆ. ಕೆಳಗಿನ ಸಾಲಿನ ಮೊಳೆಗಳನ್ನು ಮೇಲಿನ ಸಾಲು ಮುಚ್ಚುವಂತೆ ಒಂದರ ಮೇಲೊಂದು ಹೊಡೆಯುತ್ತಾ ಹೋಗಬೇಕು. ಕೊಂಬೆ ಅದನ್ನು ಓರೆಯಾಗಿ ಸೀಳಿ ಐದು ಸಾಲು ಕಿತ್ತೊಗೆದಿತ್ತು. ಎದುರುಮನೆಯ ಬಡಗಿಯಜ್ಜ ಶಿಂಗಲ್ ಕೆಳಗಿನ ಮುರಿದ ಹಲಗೆಗಳನ್ನು ತೆಗೆಸಿ ಬೇರೆ ಹಾಕಿಸಿದ್ದ. ಶಿಂಗಲ್ ಕೆಲಸವನ್ನು ಮಾತ್ರ ಅಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ಹೊಸ ಹಾಳೆ ತಂದರೆ ಬಣ್ಣ ಹೊಂದುವುದಿಲ್ಲ, ಬೀದಿಯಲ್ಲಿ ಹೋಗುವವರಿಗೆ ತೇಪೆ ಕಾಣುತ್ತದೆ ಎಂಬುದು ಅವಳ ತಕರಾರು. ಗಾಳಿಗೆ ಹಾರಿಹೋದ ಹಾಳೆಗಳನ್ನೇ ಅಕ್ಕಪಕ್ಕದವರ ಅಂಗಳಗಳಿಂದ ಆರಿಸಿ ತಂದು, ಹರಿದ ಭಾಗ ಕತ್ತರಿಸಿ, ಒಂದೊಂದು ಜಾಗಕ್ಕೂ ಅಳತೆ ಹಿಡಿದು, ಆ ಜಾಗದ ನಂಬರು ಹಾಕಿ ಪೀಸು ಮಾಡಿದ್ದಳು. ಹಾಗೆಂದು ಅವಳೇ ಅನ್ನುತ್ತಿದ್ದುದು, ಪೀಸು, ತೋಳಿನ ಪೀಸು ಕಾಲರಿನ ಪೀಸು ಅನ್ನುವಂತೆ. ಕೆಳಗಿನ ಎರಡು ಸಾಲು ತಾನೇ ಏಣಿ ಹತ್ತಿ ಹೊಡೆದಿದ್ದಳು. ಉಳಿದ ಮೂರು ಸಾಲಿಗೆ ಇಪ್ಪತ್ತನಾಲ್ಕು ಪೀಸು ಬೇಕಿತ್ತು. ಇಪ್ಪತ್ತಮೂರು ಮುಗಿಸಿ, ಮಂಗಳವಾರ ಬೆಳಿಗ್ಗೆ, ಮೇಜಿನ ಮುಂದೆ ನಿಂತವಳು ನಿಂತಲ್ಲೇ ಕುಸಿದಳು. ತನ್ನ ಸಮವಸ್ತ್ರ ಆಯಿತೇ ಎಂದು ಕೇಳಲು ಬಂದ ನರ್ಸಮ್ಮ ನಾಡಿ ಹಿಡಿದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಗಳದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ರಕ್ತದ ಶೀಸೆಗೆ ಚೀಟಿ ಅಂಟಿಸಿ, ಸರಿಯಾದ ಶೀಸೆಗೆ ಸರಿಯಾದ ಚೀಟಿಯೇ ಅಂಟಿದೆಯೇ ಎಂದು ಮೂರು ಸಲ ನೋಡಿ, ಮನೆಗೆ ಹೋದ ಮೇಲೆ ನಾಲ್ಕನೆಯ ಸಲ ನೆನೆದು ಬೆವರುವ ಹೆಣ್ಣು. ತೊಳೆದ ಇಪ್ಪತ್ತೆರಡು ಮುಖಗಳನ್ನೂ ಅವಳು ಒಂದೊಂದಾಗಿ ನೋಡಿದಳು. ತಲೆ ಎತ್ತಿದಳು. ಹಲಗೆಗಳ ಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ಹೊಲಿಗೆ ಯಂತ್ರದ ಮೇಲೂ, ಗೋಡೆಯುದ್ದಕ್ಕೂ ಕಪಾಟಿನಲ್ಲಿದ್ದ ಗಿರಾಕಿಗಳ ಬಟ್ಟೆಗಂಟುಗಳ ಮೇಲೂ ಬೀಳುತ್ತಿತ್ತು.

ಬಿಸಿಲು ಬೀಳಬಾರದಿತ್ತು.

"ಮಾವ, ಮೇಲೆ ಟಾರ್ಪಾಲು ಇತ್ತಲ್ಲ?"

"ಇತ್ತು. ಕೊಳಕು ನೀಲಿ. ಸತ್ತ ಮನೆ ಮೇಲೆ ಅದು ಪಟಪಟ ಹೊಡ್ಕೊಳ್ತಿದ್ರೆ ಚೆನ್ನಾಗಿರುತ್ತಾ? ಹೇಗೂ ಬಿಸಿಲಿದೆ. ತೆಗೆಸಿ, ಕೊಯ್ದು, ಗೇಟಿನಿಂದ ಇಲ್ಲೀವರೆಗೆ ದಾರಿಗೆ ಹಾಸಿದೀನಿ. ಕೆಸರು ಇದೆಯಲ್ಲ, ಜನ ಕಾಲಲ್ಲಿ ತುಳ್ಕೊಂಡು ಬರ್ತಾರೆ ಅಂತ."

"ಕೊಯ್ದೆಯಾ?"

"ನಾಲ್ಕು ಪಟ್ಟಿ. ಅಕ್ಕನ ಕತ್ತರಿಯಲ್ಲೇ. ಎಂಥಾ ಹರಿತ ಇಟ್ಟಿದ್ದಾಳೆ ಮಾರಾಯ್ತಿ, ಬೆಣ್ಣೆ ಕೊಯ್ದ ಹಾಗೆ ಹೋಯ್ತು."

ಮೂರು ಗಂಟೆಯ ಮೇಲೆ ಗಾಳಿ ಸಮೇತ ಜೋರು ಮಳೆ ಎಂದು ರೇಡಿಯೋ ಬೆಳಿಗ್ಗೆಯಿಂದ ಎರಡು ಸಲ ಹೇಳಿತ್ತು. ಅದನ್ನು ಮಾವನಿಗೆ ಹೇಳೋಣವೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಗಂಡ ಬಾಗಿಲಲ್ಲಿ ನಿಂತು, "ಗಾಡಿ ಬಂತು, ಹೊರಡೋಣ," ಎಂದ.

*

ಹೋದ ಗುರುವಾರ ಫೋನು ಮಾಡಿದ್ದು ಅಮ್ಮನೇ.

"ಎರಡು ಸಾಲು ಆಯ್ತು," ಎಂದಿದ್ದಳು, ನಮಸ್ಕಾರ ಇಲ್ಲ, ಹೇಗಿದ್ದೀಯ ಇಲ್ಲ.

"ಅಮ್ಮಾ, ನೀನು ಏಣಿ ಹತ್ತಿದ್ಯಾ?"

"ಇಲ್ಲ, ಹಾರಿದೆ."

"ಅರವತ್ತೊಂಬತ್ತು ವರ್ಷ ನಿನಗೆ. ಬಿ.ಪಿ. ಮಾತ್ರೆ ತಗೊಳ್ತೀಯೋ ಇಲ್ವೋ ಅದೂ ಗೊತ್ತಿಲ್ಲ. ಕೆಲಸದವರನ್ನ ಕರೆಸು ಅಂತ ಎಷ್ಟು ಸಲ ಹೇಳಿದೆ?"

"ಒಬ್ಬ ಬಂದಿದ್ದ. ಬಂದು ನೋಡಿ, ಪೂರ್ತಿ ಕಿತ್ತು ಹೊಸದು ಹಾಕ್ತೀನಿ ಅಂದ. ಮೊಣಕೈ ಹರಿದಿದೆ ಅಂತ ಕೋಟೇ ಬಿಸಾಕ್ತಾರಾ ಅಂದೆ. ಹೋದ." ಆ ಕಡೆ ಏನನ್ನೋ ಕತ್ತರಿಸುವ ಸದ್ದು ಕೇಳುತ್ತಿತ್ತು. ಆಮೇಲೆ ದನಿ ಸ್ವಲ್ಪ ತಗ್ಗಿತು. "ಭಾನುವಾರ ಬರ್ತೀಯಾ? ಮೇಲೆ ಕೂತವಳಿಗೆ ಕೆಳಗಿಂದ ಪೀಸು ಎತ್ತಿ ಕೊಡೋಕೆ ಒಬ್ರು ಬೇಕು. ಪ್ರತಿಯೊಂದಕ್ಕೂ ಇಳಿದು ಹತ್ತಿ ಮಾಡೋಕಾಗಲ್ಲ."

ಮಗಳಿಗೆ ಆ ವಾರವೆಲ್ಲ ಸರಿಯಾಗಿ ನಿದ್ದೆ ಇರಲಿಲ್ಲ. ಪ್ರಯೋಗಾಲಯದಲ್ಲಿ ತಪಾಸಣೆ ನಡೆದಿತ್ತು.

"ನಾನು ಬಂದು ಏನು ಪ್ರಯೋಜನ? ಇದು ಕೊಡು ಅಂತೀಯ, ಕೊಟ್ಟರೆ ಇದಲ್ಲ ಅಂತೀಯ. ಒಂದು ಮೊಳೆ ಹೊಡೆದರೆ ಕೀಳಿಸ್ತೀಯ. ಹುಟ್ಟಿದಾಗಿಂದ ನಾನು ಮಾಡಿದ್ದು ಒಂದಾದರೂ ಬಿಚ್ಚಿಸದೆ ಬಿಟ್ಟಿದ್ದೀಯಾ? ನಾನು ಬರಲ್ಲ."

ಕತ್ತರಿಸುವ ಸದ್ದು ನಿಂತಿತು.

"ಬರಲ್ಲ ಅಂದ್ರೆ ಬಿಡು," ಎಂದಳು ಅಮ್ಮ. ಫೋನು ಇಟ್ಟಳು.

ಭಾನುವಾರ ಅವಳು ಮನೆಯಲ್ಲಿ ಕಪಾಟು ಚೊಕ್ಕ ಮಾಡಿದ್ದಳು. ಮೊದಲೇ ಚೊಕ್ಕವಾಗಿದ್ದ ಕಪಾಟು.

*

ಸ್ಮಶಾನದಲ್ಲಿ ನಲವತ್ತು ಜನಕ್ಕೂ ಹೆಚ್ಚೇ ಇದ್ದರು. ಹೆಚ್ಚಿನವರು ಅವಳಿಗೆ ಗೊತ್ತಿಲ್ಲದವರು. ಆದರೆ ಅವರು ಗುಂಡಿಯ ಕಡೆ ಮುಖಮಾಡಿ ನಿಂತಾಗ ಹಿಂದಿನಿಂದ ಒಂದೊಂದು ಬೆನ್ನೂ ಗುರುತು ಸಿಕ್ಕಿತು. ಆ ಬೂದು ಕೋಟಿನ ಭುಜದ ಜೋಡಣೆ, ಆ ಹೆಂಗಸಿನ ಕಾಲರಿನ ಅಂಚು, ದಪ್ಪ ಮನುಷ್ಯನೊಬ್ಬನ ಬೆನ್ನಿನ ನಡುವೆ ಒಂದು ಎಳೆಯೂ ಸೊಟ್ಟಗಾಗದೆ ಇಳಿದ ಹೊಲಿಗೆ. ಅಮ್ಮನ ಕೈಯನ್ನು ಮೈಮೇಲೆ ಹಾಕಿಕೊಂಡೇ ಅವರೆಲ್ಲ ಅವಳನ್ನು ಕಳಿಸಲು ಬಂದಿದ್ದರು. ಅಳಬೇಕಾದ ಹೊತ್ತು ಅದು. ಅವಳ ಕಣ್ಣು ಮಾತ್ರ ಮತ್ತೆ ಮತ್ತೆ ಪಡುವಣಕ್ಕೆ ಹೋಗುತ್ತಿತ್ತು. ಅಲ್ಲಿ ಮೋಡ ಇನ್ನೂ ತೆಳ್ಳಗಿತ್ತು, ಆದರೆ ಇತ್ತು.

ಬಡಗಿಯಜ್ಜ ಕೋಲೂರಿಕೊಂಡು ಬಂದು ಅವಳ ಪಕ್ಕ ನಿಂತ. "ನನ್ನ ಕೈಲೂ ಮೂರು ಹಲಗೆ ಬಿಚ್ಚಿಸಿದಳು ತಾಯಿ, ನಿಮ್ಮಮ್ಮ. ಐವತ್ತು ವರ್ಷ ಮರಗೆಲಸ ಮಾಡಿದೋನು ನಾನು. ನನಗೆ ಕೆಲಸ ಕಲಿಸಿದ ಯಜಮಾನ ಕೂಡ ನನ್ನ ಕೈಲಿ ಒಂದು ಹಲಗೆ ಬಿಚ್ಚಿಸಿರಲಿಲ್ಲ."

"ಯಾಕೆ ಬಿಚ್ಚಿದ್ರಿ? ಇಲ್ಲ ಅನ್ನಬೇಕಿತ್ತು."

"ಅಂದೆ. ಆಮೇಲೆ ನೋಡಿದೆ, ಒಂದು ಕೂದಲಷ್ಟು ವಾರೆ ಇತ್ತು. ಕೋಪ ಬಂದಿದ್ದು ಅದಕ್ಕೇ."

ಹೊರಡುವಾಗ ನರ್ಸಮ್ಮ ಹತ್ತಿರ ಬಂದು ಅವಳ ಕೈ ಹಿಡಿದಳು. "ಈಗ ಕೇಳಬಾರದು... ನನ್ನ ಯೂನಿಫಾರ್ಮು ಅಲ್ಲೇ ಕಪಾಟಲ್ಲಿದೆ. ಗುಂಡಿ ಒಂದೇ ಬಾಕಿ ಅಂತಿದ್ರು. ಸೋಮವಾರ ಡ್ಯೂಟಿ. ಸುಮ್ಮನೆ ಹೇಳಿದೆ, ಅರ್ಜೆಂಟಿಲ್ಲ."

ನರ್ಸಮ್ಮ ಬಾಯಿಬಿಟ್ಟದ್ದೇ ತಡ, ಹೊಲಿಯಲು ಕೊಟ್ಟಿದ್ದ ಇನ್ನಿಬ್ಬರೂ ತಮ್ಮದೂ ಅರ್ಜೆಂಟಿಲ್ಲ ಎಂದರು.

*

"ಜನ ಏನಂತಾರೆ?" ಎಂದ ಗಂಡ. "ಅಮ್ಮನ್ನ ಮಣ್ಣು ಮಾಡಿ ಬಂದು ಇನ್ನೂ ಅರ್ಧ ಗಂಟೆ ಆಗಿಲ್ಲ, ಮಗಳು ಮಾಡು ಹತ್ತಿದಾಳೆ ಅಂದ್ರೆ?"

ಅವಳು ಅಮ್ಮನ ಕೆಲಸದ ಪ್ಯಾಂಟು ಏರಿಸಿಕೊಂಡು ಏಣಿ ಒರಗಿಸುತ್ತಿದ್ದಳು. ಪ್ಯಾಂಟು ಗಿಡ್ಡವಾಗಿತ್ತು.

"ಬಟ್ಟೆಗಂಟು ಎಲ್ಲಾ ಮನೆಯೊಳಗೆ ಸಾಗಿಸೋಣ. ಯಂತ್ರಕ್ಕೆ ಏನಾದರೂ ಹೊದಿಸೋಣ. ನಾಳೆ ನಾನೇ ಕೆಲಸದವರನ್ನ ಕರ್ಕೊಂಡು ಬರ್ತೀನಿ."

"ಅವರು ಪೂರ್ತಿ ಕಿತ್ತು ಹೊಸದು ಹಾಕ್ತಾರೆ."

"ಹಾಕಲಿ! ಅದರಲ್ಲೇನಿದೆ?"

"ಏಣಿ ಹಿಡ್ಕೊಳ್ತೀಯೋ ಇಲ್ವೋ?"

ಹದಿನೇಳು ವರ್ಷದ ಸಂಸಾರದಲ್ಲಿ ಈ ದನಿಯನ್ನು ಅವನು ಎರಡೋ ಮೂರೋ ಸಲ ಕೇಳಿದ್ದ. ಅಂಗಿಯ ತೋಳು ಮಡಚಿ ಏಣಿ ಹಿಡಿದ. ಪೀಸುಗಳನ್ನು ಒಂದೊಂದೇ ಎತ್ತಿಕೊಡುವ ಕೆಲಸಕ್ಕೆ ಮಾವ ತಾನಾಗಿಯೇ ನಿಂತ. ಮೊಣಕಾಲು ಹೋಗಿದ್ದರಿಂದ ಬಡಗಿಯಜ್ಜನಿಗೆ ಅಂಗಳದ ನಡುವೆ ಒಂದು ಕುರ್ಚಿ ಹಾಕಿಕೊಟ್ಟರು. ಅಲ್ಲಿಂದಲೇ ಅವನ ಆಳ್ವಿಕೆ ಶುರುವಾಯಿತು.

"ಕೆಳಗಿಂದ ಮೇಲಕ್ಕೆ ತಾಯಿ, ಎಡಗಡೆಯಿಂದ ಶುರು. ಮೊಳೆ ಗೆರೆ ಮೇಲೆ ಬೀಳಬೇಕು."

ಮೊದಲ ಪೀಸು ಮೊದಲ ಜಾಗದಲ್ಲಿ ಕೂರಲಿಲ್ಲ. ಇನ್ನೊಂದನ್ನು ಕೊಡು ಎಂದಳು. ಅದು ಅಗಲಕ್ಕೆ ಸರಿಹೋಯಿತು, ಓರೆ ತಿರುವುಮುರುವಾಯಿತು. ಮೂರನೆಯದು ಕೂತಂತೆ ಕಂಡಿತು. ಎರಡು ಮೊಳೆ ಹೊಡೆದಳು. ಅದರ ಪಕ್ಕದಲ್ಲಿ ಕೂರುವುದು ಯಾವುದೂ ಸಿಗಲಿಲ್ಲ. ಮೊಳೆ ಕಿತ್ತಳು. ಎಲ್ಲವೂ ಒಂದೇ ಬಣ್ಣ, ಹೆಚ್ಚುಕಡಿಮೆ ಒಂದೇ ಆಕಾರ. ಅಮ್ಮ ಕೂದಲೆಳೆ ಲೆಕ್ಕದಲ್ಲಿ ಕತ್ತರಿಸಿದ್ದೇ ಈಗ ಶನಿಯಾಗಿತ್ತು. ಒರಟಾಗಿ ಕತ್ತರಿಸಿದ್ದರೆ ಯಾವುದನ್ನು ಎಲ್ಲಿಟ್ಟರೂ ನಡೆಯುತ್ತಿತ್ತು. ಅಂಗಳದಲ್ಲಿ ನಿಂತವರು ಒಬ್ಬೊಬ್ಬರೇ ಮೇಲೆ ನೋಡತೊಡಗಿದರು. ಮಾಡಿನ ಕೆಲಸದಲ್ಲಿ ಅನುಭವವಿಲ್ಲದವನು ಅವರಲ್ಲಿ ಒಬ್ಬನೂ ಇಲ್ಲ.

"ಅದನ್ನ ತಲೆಕೆಳಗು ಮಾಡಿ ನೋಡಿ."

"ನಮ್ಮ ಭಾವ ಹೀಗೇ ಮಾಡೋಕೆ ಹೋಗಿ ಸೊಂಟ ಮುರ್ಕೊಂಡ."

"ಪುಣ್ಯಾತ್ಮಾ, ಈ ಹೊತ್ತಲ್ಲಿ ಹೇಳೋ ಮಾತಾ ಅದು?"

"ಮಾವ, ಇದಲ್ಲ, ಬೇರೆ ಕೊಡು," ಎಂದಳು ಅವಳು ಏಳನೆಯ ಸಲ.

"ಎಲ್ಲಾ ಒಂದೇ ಥರ ಇದೆಯಲ್ಲೇ! ಯಾವುದು ಅಂತ ಕೊಡಲಿ?"

"ಒರೆಸೋವಾಗ ಯೋಚನೆ ಮಾಡಬೇಕಿತ್ತು ಅದನ್ನ!"

ಮಾವ ಕೈಯಲ್ಲಿದ್ದ ಪೀಸು ನೋಡುತ್ತಾ ನಿಂತ. ಅವನ ಕಿವಿ ಕೆಂಪಾಗಿತ್ತು. ತಾನು ಸತ್ತ ಅಕ್ಕನ ಮನೆಗೆ ಬೆಳಿಗ್ಗೆ ಆರಕ್ಕೆ ಬಂದು ಬಕೆಟ್ಟು ಹಿಡಿದವನು ಎಂದು ಅವನು ಹೇಳಬಹುದಿತ್ತು. ಬದಲಿಗೆ ಪೀಸನ್ನು ಮೇಲೆತ್ತಿ ಕೊಟ್ಟ.

ಗಂಟೆ ಎರಡಾಗುತ್ತಾ ಬಂದಿತ್ತು. ಪಡುವಣದ ಮೋಡ ದಪ್ಪಗಾಗಿ ಕೆಳಗಿಳಿದಿತ್ತು. ಅವಳಿಗೆ ಮೊದಲು ಸಿಟ್ಟು ಬಂದದ್ದು ಮಾವನ ಮೇಲೆ, ಆಮೇಲೆ ಅಮ್ಮನ ಮೇಲೆ. ಯಾರ ಕೈಯನ್ನೂ ನಂಬದೆ, ಯಾರಿಗೂ ಒಂದು ಮಾತು ಹೇಳದೆ, ಎಲ್ಲವನ್ನೂ ತಲೆಯೊಳಗಿಟ್ಟುಕೊಂಡು ಹೋಗಿಬಿಟ್ಟ ಹೆಂಗಸು. ಅವಳು ಆ ಪೀಸಿನ ಮೇಲಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಮುರಿಯುವವಳಂತೆ ಬಗ್ಗಿಸಿದಳು. ಹೆಬ್ಬೆರಳಿಗೆ ಏನೋ ತಾಗಿತು.

ಅಂಚಿನಲ್ಲಿ ಒಂದು ಕಚ್ಚು. ಅಕ್ಕಿಕಾಳಿನಷ್ಟು. ಪಕ್ಕದಲ್ಲೇ ಇನ್ನೊಂದು.

*

ಅವಳು ಹತ್ತು ವರ್ಷದವಳಿದ್ದಾಗ ಅಮ್ಮ ಒಂದು ಅಂಗಿಯ ತೋಳು ಜೋಡಿಸಲು ಕೊಟ್ಟಿದ್ದಳು. ಎಡದ ತೋಳನ್ನು ಬಲಕ್ಕೆ ಹೊಲಿದು ತಂದು ತೋರಿಸಿದಳು ಅವಳು.

"ಬಿಚ್ಚು."

ಬಿಚ್ಚಿದಳು. ಅತ್ತಳು. ಮತ್ತೆ ಹೊಲಿದಳು. ಮತ್ತೆ ಅದೇ ತಪ್ಪು.

"ಕಣ್ಣಿಂದ ನೋಡಬೇಡ, ಕಣ್ಣು ಮೋಸ ಮಾಡುತ್ತೆ," ಎಂದಳು ಅಮ್ಮ. ಅವಳ ಬೆರಳು ಹಿಡಿದು ಬಟ್ಟೆಯ ಅಂಚಿಗುಂಟ ಎಳೆದಳು. "ಇಲ್ಲಿ ಕತ್ತರಿ ತುದಿಯಲ್ಲಿ ಕಚ್ಚು ಹಾಕಿದೀನಿ, ಸಿಕ್ತಾ? ಒಂದು ಕಚ್ಚು ಒಂದಕ್ಕೆ, ಎರಡು ಕಚ್ಚು ಎರಡಕ್ಕೆ. ಅವು ತಾವೇ ಜೊತೆ ಹುಡುಕ್ಕೊಳ್ತವೆ. ನೀನು ಸುಮ್ಮನೆ ಸೇರಿಸಿದರೆ ಸಾಕು."

ಮೂರನೆಯ ಸಲ ಸರಿಯಾಯಿತು. ಅಮ್ಮ ತಿರುಗಿಸಿ ಮುರುಗಿಸಿ ನೋಡಿ, "ಹೊಲಿಗೆ ಸೊಟ್ಟ. ಬಿಚ್ಚು," ಎಂದಳು. ಆ ದಿನದಿಂದ ಮಗಳು ಸೂಜಿ ಮುಟ್ಟಲಿಲ್ಲ.

*

"ಮಾವ!" ಎಂದು ಕೂಗಿದಳು. "ಮೇಲಂಚು ಮುಟ್ಟಿ ನೋಡು. ಕಚ್ಚು ಇದೆ. ಒಂದೇ ಇರೋದನ್ನೆಲ್ಲ ಒಂದು ಕಡೆ ಇಡು, ಎರಡಿರೋದು ಒಂದು ಕಡೆ, ಮೂರಿರೋದು ಒಂದು ಕಡೆ."

ಮಾವ, ಗಂಡ, ನರ್ಸಮ್ಮ ಮೂವರೂ ನೆಲಕ್ಕೆ ಕೂತು ಅಂಚು ತಡವತೊಡಗಿದರು. ಒಂದು ಕಚ್ಚಿನವು ಎಂಟು, ಎರಡು ಕಚ್ಚಿನವು ಎಂಟು, ಮೂರು ಕಚ್ಚಿನವು ಏಳು. ಅವೇ ಮೂರು ಸಾಲು. ಬದಿಯ ಅಂಚುಗಳಲ್ಲೂ ಕಚ್ಚುಗಳಿದ್ದವು; ಒಂದರ ಬಲಕ್ಕೆ ಎಷ್ಟೋ ಪಕ್ಕದ್ದರ ಎಡಕ್ಕೂ ಅಷ್ಟೇ. ಕಚ್ಚಿಗೆ ಕಚ್ಚು ಹಿಡಿದರೆ ಪೀಸು ತಾನಾಗಿ ತನ್ನ ಜಾಗಕ್ಕೆ ಜಾರಿ ಕೂರುತ್ತಿತ್ತು. ಮೊದಲ ಸಾಲು ಮುಗಿಯಲು ಹದಿನೈದು ನಿಮಿಷ ಹಿಡಿಯಿತು, ಎರಡನೆಯದಕ್ಕೆ ಹತ್ತು.

"ಸೀಮೆಸುಣ್ಣದಲ್ಲಿ ಬರೆದ ಮೇಲೆ ಈ ಕಚ್ಚು ಯಾಕೆ ಹಾಕಿದಳು?" ಎಂದ ಬಡಗಿಯಜ್ಜ. "ಮೇಲೆ ಕೂತು ಹೊಡೆಯೋಳು ಅವಳು. ಅವಳಿಗೆ ಹೇಗೂ ಬಾಯಿಪಾಠ."

"ನಾನು ಒರೆಸ್ತೀನಿ ಅಂತ," ಎಂದ ಮಾವ. "ಅಕ್ಕಂಗೆ ನನ್ನ ಮೇಲೆ ಮೊದಲಿಂದಲೂ ನಂಬಿಕೆ ಇಲ್ಲ."

ಮೊದಲು ನಕ್ಕದ್ದು ನರ್ಸಮ್ಮ. ಆಮೇಲೆ ಅಂಗಳವೆಲ್ಲ ನಕ್ಕಿತು, ಮಾವನೂ ನಕ್ಕ. ಮಾಡಿನ ಮೇಲಿದ್ದವಳು ನಗಲಿಲ್ಲ; ಪೀಸು ಎತ್ತಿ ಕೊಡೋಕೆ ಒಬ್ರು ಬೇಕು ಎಂದಿದ್ದ ಫೋನಿನ ದನಿ ಅವಳಿಗೆ ಮತ್ತೆ ಕೇಳಿಸಿತ್ತು. ಅವಳು ಸುತ್ತಿಗೆ ಹಿಡಿದ ಕೈಯ ಹಿಂಬದಿಯಿಂದ ಮೂಗು ಒರೆಸಿಕೊಂಡು, "ಮೂರು ಕಚ್ಚಿನದು ಕೊಡು," ಎಂದಳು.

ಮೂರನೆಯ ಸಾಲು ಕಷ್ಟದ್ದು. ಅದರ ಮೇಲಿನ ಹಳೆಯ ಸಾಲು ಹಾಗೇ ಉಳಿದಿತ್ತು. ಅದರ ತುದಿಯನ್ನು ಮೆಲ್ಲಗೆ ಎತ್ತಿ, ಪೀಸನ್ನು ಒಳಕ್ಕೆ ತೂರಿಸಿ, ಎತ್ತಿ ಹಿಡಿದೇ ಮೊಳೆ ಹೊಡೆಯಬೇಕು. "ಮುರಿದೀಯ ತಾಯಿ, ಮುರಿದೀಯ," ಎಂದು ಅಜ್ಜ ಕುರ್ಚಿಯಲ್ಲೇ ಅರ್ಧ ಎದ್ದು ನಿಲ್ಲುತ್ತಿದ್ದ. ಏಳು ಪೀಸು ಮುಗಿಯುವಾಗ ಗಾಳಿ ಬೀಸತೊಡಗಿತ್ತು. ದಾರಿಗೆ ಹಾಸಿದ ಟಾರ್ಪಾಲಿನ ಒಂದು ಪಟ್ಟಿ ಎದ್ದು ಗೇಟಿಗೆ ಸುತ್ತಿಕೊಂಡಿತು.

ಬಲತುದಿಯಲ್ಲಿ ಒಂದು ಜಾಗ ಬಾಕಿ. ಕೈಯಗಲಕ್ಕಿಂತ ಸ್ವಲ್ಪ ದೊಡ್ಡದು, ಒಂದು ಬದಿ ನೇರ, ಇನ್ನೊಂದು ಬದಿ ಓರೆ. ಇಪ್ಪತ್ತನಾಲ್ಕನೆಯದು.

ಅವಳು ಕೆಳಗಿಳಿದಳು. ಮೇಜಿನ ಮೇಲೆ ಅಮ್ಮ ಬಿಟ್ಟಲ್ಲೇ ಒಂದು ಇಡೀ ಹಾಳೆ ಇತ್ತು, ಪಕ್ಕದಲ್ಲಿ ತಗಡು ಕತ್ತರಿ. ಹಾಳೆಯ ಮೇಲೆ ಗೆರೆ ಇಲ್ಲ, ಅಂಕಿ ಇಲ್ಲ. ಅವಳು ಮತ್ತೆ ಮೇಲೆ ಹೋಗಿ ಅಳತೆ ಪಟ್ಟಿ ಹಿಡಿದಳು. ಇಳಿದಳು. ಬರೆದುಕೊಂಡ ಅಳತೆ ಸರಿಯೋ ಎಂದು ಅನುಮಾನ ಬಂತು, ಮತ್ತೆ ಹತ್ತಿದಳು.

"ಎಷ್ಟು ಸಲ ಹತ್ತಿ ಇಳೀತೀಯ!" ಎಂದ ಗಂಡ. "ಮಳೆ ಬಂತು!"

"ಮೂರು ಸಲ ನೋಡಬೇಕು."

ಮೇಜಿನ ಮುಂದೆ ನಿಂತು ಕತ್ತರಿಸಿದಳು. ಕಲ್ಲುಪುಡಿಯ ಹಾಳೆ ಬಟ್ಟೆಯಂತೆ ಬಾಗಲಿಲ್ಲ, ಕತ್ತರಿ ಕರಕರ ಎಂದು ತನ್ನಿಷ್ಟಕ್ಕೆ ಎಳೆಯಿತು. ಕತ್ತರಿಸಿದ ಅಂಚು ಹಲ್ಲುಹಲ್ಲಾಗಿತ್ತು. ಏಣಿ ಹತ್ತಿ ಇಟ್ಟು ನೋಡಿದಳು. ಎಡಕ್ಕೆ ತಾಗಿಸಿದರೆ ಬಲಕ್ಕೆ ಅರ್ಧ ಬೆರಳು ಸಂದಿ. ಬಲಕ್ಕೆ ತಾಗಿಸಿದರೆ ಎಡಕ್ಕೆ. ಇನ್ನೊಂದು ಕತ್ತರಿಸಲು ಇಡೀ ಹಾಳೆ ಇರಲಿಲ್ಲ. ಮೊದಲ ಹನಿ ಅವಳ ಕುತ್ತಿಗೆಯ ಮೇಲೆ ಬಿತ್ತು.

"ಡಬ್ಬದಲ್ಲಿ ಡಾಂಬರು ಇದೆ, ಸಂದಿಗೆ ಮೆತ್ತಿ ಹೊಡೆದುಬಿಡು," ಎಂದು ಅಜ್ಜ ಕೂಗಿದ. "ಸಂದಿ ಕೆಳಗೆ ಎರಡನೇ ಸಾಲಿನ ಹಾಳೆ ಇದೆ. ನೀರು ಬರಲ್ಲ... ಬರಬಾರದು."

ಮೆತ್ತಿದಳು. ತೂರಿಸಿದಳು. ನಾಲ್ಕು ಮೊಳೆ. ಮೂರನೆಯದು ಬಾಗಿತು, ಬಾಗಿದ್ದನ್ನು ಕೀಳಲು ಸುತ್ತಿಗೆಯ ಹಿಂಬದಿ ಕೊಟ್ಟವಳು ಒಂದು ಕ್ಷಣ ತಡೆದು, ಅದನ್ನು ಹಾಗೇ ಹೊಡೆದು ಮಲಗಿಸಿದಳು.

"ಸೊಟ್ಟ ಇದೆ ಕಣೇ," ಎಂದ ಮಾವ ಕೆಳಗಿನಿಂದ. "ಇಲ್ಲಿಗೇ ಕಾಣ್ತಿದೆ."

"ಸುಮ್ನಿರಿ ಮಾವ," ಎಂದ ಗಂಡ.

"ಗೊತ್ತು," ಎಂದಳು ಅವಳು.

ಅವಳು ಕೊನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮಳೆ ಒಂದೇ ಸಮನೆ ಧೋ ಎಂದು ಸುರಿಯಿತು. ಗಂಡ ಮತ್ತು ಮಾವ ಅಜ್ಜನನ್ನು ಕುರ್ಚಿ ಸಮೇತ ಎತ್ತಿಕೊಂಡು ಗ್ಯಾರೇಜಿಗೆ ಓಡಿದರು. ಅಂಗಳದಲ್ಲಿ ಇದ್ದಬದ್ದವರೆಲ್ಲ ನುಗ್ಗಿದರು. ಮಾವ ಸಾಲಾಗಿ ಹಾಕಿಟ್ಟಿದ್ದ ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ. ಮಾಡಿನ ಮೇಲಿನ ಸದ್ದಿಗೆ ಮಾತು ಕೇಳುವಂತಿರಲಿಲ್ಲ. ನರ್ಸಮ್ಮ ಕಪಾಟಿನ ಮುಂದೆ ನಿಂತು, ಹನಿ ಬೀಳುತ್ತದೆಯೇ ಎಂದು ಅಂಗೈ ಮೇಲೆ ಮಾಡಿ ಚಾಚಿದಳು. ಅವಳನ್ನು ನೋಡಿ ಬೂದು ಕೋಟಿನವನು ಚಾಚಿದ, ದಪ್ಪ ಮನುಷ್ಯ ಚಾಚಿದ, ಮಾವ ಯಂತ್ರದ ಮೇಲೆ ಬಗ್ಗಿ ಎರಡೂ ಕೈ ಚಾಚಿದ. ಹದಿನೈದು ಇಪ್ಪತ್ತು ಜನ, ಕೈ ಮುಂದೆ, ಮುಖ ಮೇಲೆ, ಕಾಯುತ್ತಾ ನಿಂತರು.

ಮಗಳು ಕೈ ಚಾಚಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಬಲತುದಿಗೆ ಹೋಗಿ, ತಾನು ಹೊಡೆದ ಸೊಟ್ಟ ಪೀಸಿನ ನೇರ ಕೆಳಗೆ ನಿಂತು ತಲೆ ಹಿಂದಕ್ಕೆ ವಾಲಿಸಿದಳು. ಬೆಳಿಗ್ಗೆ ಬಿಸಿಲು ಇಳಿದಿದ್ದ ಹಲಗೆಯ ಸಂದಿ ಈಗ ಕಪ್ಪಾಗಿತ್ತು. ಮಳೆ ಇನ್ನೂ ಜೋರಾಯಿತು. ಅವಳು ಕಣ್ಣು ಮುಚ್ಚಲಿಲ್ಲ.